ಐವತ್ತು ದಾಟದ ಗಾಡಿ

ಸೆಲ್ವನ ಎಡಗಾಲು ಮುರಿಸಿದವನು ನಾನು. ಹೊಡೆದವರು ಬೇರೆ, ಅವರ ಹೆಸರು ಊರಿಗೆಲ್ಲ ಗೊತ್ತು. ಎಲ್ಲಿ ಕಾಯಬೇಕು, ಯಾಕೆ ಅಲ್ಲೇ ಕಾಯಬೇಕು ಎಂದು ಅವರಿಗೆ ಹೇಳಿಕೊಟ್ಟವನು ಯಾರೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದಕ್ಕಿಂತ ಹೊಲಸು ಸಂಗತಿ ಇನ್ನೊಂದಿದೆ — ಇಷ್ಟು ವರ್ಷವೂ ಸೆಲ್ವ ನನ್ನನ್ನು ತನ್ನ ಜೀವ ಉಳಿಸಿದವನೆಂದು ನಂಬಿದ್ದ. ನಂಬಲಿ ಎಂದು ನಾನು ಸುಮ್ಮನಿದ್ದೆ.

ಶಿವಮೊಗ್ಗದ ವಿದ್ಯಾನಗರದಲ್ಲಿ ನನ್ನ ಗ್ಯಾರೇಜು. ತೊಂಬತ್ತರ ದಶಕದ ಕೊನೆಯ ವರ್ಷಗಳ ಮಾತಿದು. ಬೈಕು ತರುತ್ತಿದ್ದ ಹುಡುಗರಿಗೆಲ್ಲ ಆಗ ಒಂದೇ ಹುಚ್ಚು, ವೇಗ. ನನ್ನ ಬಾಗಿಲಿಗೆ ಬಂದು ಗಾಡಿಯನ್ನು ನಿಧಾನ ಮಾಡಿಕೊಡು ಎಂದು ಕೇಳಿದವನು ಸೆಲ್ವ ಒಬ್ಬನೇ. ಭದ್ರಾವತಿಯವನು, ಮನೆಮಾತು ತಮಿಳು, ಕಟ್ಟಡದ ಕಂಟ್ರಾಕ್ಟರನೊಬ್ಬನ ಕೈಕೆಳಗೆ ಕೆಲಸ. ಭಾನುವಾರ ಬಂದರೆ ಹಳೆಯ ನೂರು ಸಿಸಿ ಗಾಡಿ ಹತ್ತಿ ಕಾಡುದಾರಿ ಹಿಡಿಯುತ್ತಿದ್ದ. ಸಕ್ರೆಬೈಲು ದಾಟಿ ಮುಂದೆ ಬೇಸಿಗೆಯಲ್ಲಿ ತುಂಗೆ ಇಳಿದಾಗ ಬಂಡೆಗಳು ಮೇಲೇಳುತ್ತವಲ್ಲ, ಅವುಗಳ ಮೇಲೆ ಕಾಲು ನೆಲಕ್ಕಿಡದೆ ಮನುಷ್ಯ ನಡೆಯುವ ವೇಗದಲ್ಲಿ ಗಾಡಿ ಹೊಡೆಯಬೇಕು — ಅದು ಅವನ ಆಟ.

ಹಾಗೆ ಓಡಿಸಬೇಕಾದರೆ ಗಾಡಿಯ ಲೆಕ್ಕವನ್ನೇ ಬದಲಿಸಬೇಕು. ಚೈನು ಸುತ್ತುವ ಹಲ್ಲುಚಕ್ರವಿದೆಯಲ್ಲ, ಸ್ಪ್ರಾಕೆಟ್, ಎಂಜಿನ್ನಿನ ಬಳಿ ಇರುವ ಚಿಕ್ಕದನ್ನು ಬಿಚ್ಚಿ ಇನ್ನೂ ಚಿಕ್ಕದು ಹಾಕಿದೆ, ಹಿಂದಿನ ಚಕ್ರಕ್ಕೆ ಬೇರೆ ಗಾಡಿಯ ದೊಡ್ಡ ಸ್ಪ್ರಾಕೆಟ್ ತಂದು ಲೇತಿನಲ್ಲಿ ಒಳಗಿನ ತೂತು ಕೊರೆಸಿ ಕೂರಿಸಿದೆ. ಎಂಜಿನ್ ಎಷ್ಟು ತಿರುಗಿದರೂ ಚಕ್ರ ನಿಧಾನ, ಆದರೆ ಎಳೆತ ಎಂಥದ್ದು! ಫಸ್ಟ್ ಗೇರಿನಲ್ಲಿ ಗೋಡೆಯನ್ನೇ ಹತ್ತುತ್ತೇನೆ ಎನ್ನುವಂತಿತ್ತು. ಅದಕ್ಕೆ ತೆರಬೇಕಾದ ಬೆಲೆ ಟಾರ್ ರಸ್ತೆಯಲ್ಲಿ. ಐವತ್ತರ ಹತ್ತಿರ ಬಂದರೆ ಎಂಜಿನ್ ಕಿರುಚುತ್ತದೆ, ಮುಂದೆ ಹೋಗುವುದಿಲ್ಲ. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೂರನೆಯವರಿಗೆ ಗೊತ್ತಿರಬೇಕಾದ ಕಾರಣವೇ ಇರಲಿಲ್ಲ.

ಹಿಂದಿನ ಸ್ಪ್ರಾಕೆಟ್ ದೊಡ್ಡದಾದಾಗ ಹಳೆಯ ಚೈನು ಸಾಲುವುದಿಲ್ಲ, ಉದ್ದದ ಹೊಸದು ಹಾಕಬೇಕು. ನಾನು ಹಾಕಲಿಲ್ಲ. ಸೋಮಾರಿತನ, ನಡೆಯುತ್ತದೆ ಬಿಡು ಎಂಬ ಉಡಾಫೆ — ಇನ್ನೊಂದು ಚೈನಿನ ತುಂಡನ್ನು ಅದಕ್ಕೇ ಸೇರಿಸಿ ಎರಡು ಕಡೆ ಲಾಕು ಹಾಕಿ ಕಳಿಸಿದೆ. ಅದು ಬಂಡೆಯ ಮೇಲೆ ಹತ್ತುವಾಗ ಕಿತ್ತುಕೊಂಡಿತು. ಗಾಡಿ ಹಿಂದಕ್ಕೆ ಜಾರಿ ಅವನ ಮೇಲೇ ಬಿತ್ತು. ಮರುದಿನ ಸೆಲ್ವ ಮೊಣಕೈಯ ಚರ್ಮ ಸುಲಿದುಕೊಂಡು, ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದ. ಗ್ಯಾರೇಜಿನಲ್ಲಿ ಗಿರಾಕಿಗಳಿದ್ದರು. ನೇರ ಬಂದು ನನ್ನ ಕೆನ್ನೆಗೆ ಬಾರಿಸಿದ. ನಾನು ಟೈರುಗಳ ಮೇಲೆ ಬಿದ್ದೆ. ಬಾಯಲ್ಲಿ ರಕ್ತ. ಯಾರೋ ಕಿಸಕ್ಕನೆ ನಕ್ಕರು.

ಆ ಏಟು ನ್ಯಾಯವಾದದ್ದೇ. ಸಂಜೆಯೊಳಗೆ ಸೆಲ್ವನೇ ವಾಪಸು ಬಂದು ತಪ್ಪಾಯಿತು, ಕೋಪ ತಡೆಯಲಾಗಲಿಲ್ಲ ಎಂದು ನನ್ನ ಎರಡೂ ಕೈ ಹಿಡಿದುಕೊಂಡ. ಒಟ್ಟಿಗೆ ಚಹಾ ಕುಡಿದೆವು. ನಾನೂ ನಕ್ಕೆ. ಉದ್ದದ ಹೊಸ ಚೈನು ಹಾಕಿಕೊಟ್ಟೆ, ಕಿತ್ತುಹೋದದ್ದನ್ನು ಗೋಡೆಯ ಮೊಳೆಗೆ ನೇತುಹಾಕಿದೆ. ಆದರೆ ನನ್ನ ಸ್ವಭಾವ ಕೆಟ್ಟದ್ದು. ಕೆನ್ನೆಯ ಊತ ಇಳಿದರೂ ಆ ಕಿಸಕ್ಕನೆ ನಕ್ಕ ಸದ್ದು ಇಳಿಯಲಿಲ್ಲ. ಸ್ಪ್ಯಾನರ್ ಹಿಡಿದಾಗಲೆಲ್ಲ ಅವನ ತಲೆಗೆ ಬಾರಿಸಿದಂತೆ ಕಲ್ಪಿಸಿಕೊಳ್ಳುತ್ತಿದ್ದೆ. ಎದುರು ಬಂದರೆ ಮಾತ್ರ, ಬಾ ಮಾರಾಯ ಕೂತ್ಕೊ.

ಅದೇ ಹೊತ್ತಿನಲ್ಲಿ ಅವನ ಕೆಲಸದ ಜಾಗದಲ್ಲಿ ಒಂದು ಸಾವಾಯಿತು. ಮೇಲಕ್ಕೆ ಸಾಮಾನು ಎಳೆಯುವ ಹಗ್ಗ ಹರಿದು, ಕೆಳಗಿದ್ದ ತಿಮ್ಮಯ್ಯ ಎಂಬುವನ ಮೇಲೆ ಕಬ್ಬಿಣದ ಕಂತೆ ಬಿತ್ತು. ಹಗ್ಗ ಲಡ್ಡಾಗಿದೆ, ಬದಲಿಸಿ ಎಂದು ಸೆಲ್ವ ಹಿಂದಿನ ದಿನವೇ ಕಂಟ್ರಾಕ್ಟರನಿಗೆ ಹೇಳಿದ್ದನಂತೆ. ಕಂಟ್ರಾಕ್ಟರ್ ಉಗಿದು ಕಳಿಸಿದ್ದನಂತೆ. ಅದನ್ನು ಶಿವಮೊಗ್ಗದ ಕೋರ್ಟಿನಲ್ಲಿ ಹೇಳುತ್ತೇನೆ ಎಂದು ಸೆಲ್ವ ತಿಮ್ಮಯ್ಯನ ಹೆಂಡತಿ ಲಕ್ಷ್ಮಕ್ಕನಿಗೆ ಮಾತು ಕೊಟ್ಟ. ಹೇಳಕೂಡದು ಎಂದು ಕಂಟ್ರಾಕ್ಟರನ ಕಡೆಯವರು ಒಮ್ಮೆ ಹೆದ್ದಾರಿಯಲ್ಲಿ ಅವನ ಬೆನ್ನು ಹತ್ತಿದ್ದರು. ಸೆಲ್ವ ಸರಕ್ಕನೆ ಪಕ್ಕದ ನಾಲೆಯ ದಂಡೆಗೆ, ಚಾನಲ್ ಏರಿಯ ಮೇಲೆ, ಗಾಡಿ ಹತ್ತಿಸಿದ. ಜಲ್ಲಿ, ಕೊರಕಲು, ಬೇರು — ಅಲ್ಲಿ ಅವನನ್ನು ಹಿಡಿಯುವವರು ಯಾರು? ಜೀಪು ಕೆಳಗೇ ನಿಂತಿತು.

ಸಾಕ್ಷಿ ಹೇಳುವ ಹಿಂದಿನ ದಿನ ಸೆಲ್ವ ಗ್ಯಾರೇಜಿಗೆ ಬಂದ. ನಾಳೆಯೂ ಭದ್ರಾವತಿಯಿಂದ ಚಾನಲ್ ಏರಿ ಮೇಲೇ ಬರುತ್ತೇನೆ, ಮಲವಗೊಪ್ಪದ ಹತ್ತಿರ ಟಾರಿಗೆ ಇಳಿಯುತ್ತೇನೆ ಎಂದ. ನನ್ನ ಹತ್ತಿರ ಮುಚ್ಚಿಡಬೇಕೆಂದು ಅವನಿಗೆ ಅನಿಸಲೇ ಇಲ್ಲ. ಆ ಕೊನೆಯ ಟಾರ್ ರಸ್ತೆಗಾಗಿ ಹಳೆಯ ಸ್ಪ್ರಾಕೆಟ್ಟುಗಳನ್ನೇ ಹಾಕಿಬಿಡೋಣವಾ ಎಂದು ಕೇಳಿದ. ಎರಡೂ ನನ್ನ ಡಬ್ಬಿಯಲ್ಲೇ ಇದ್ದವು. ಕೂತರೆ ಒಂದು ಗಂಟೆಯ ಕೆಲಸ.

ಬೇಡ ಎಂದೆ. ಏರಿಯ ಮೇಲೆ ಎಳೆತ ಬೇಕು, ಟಾರು ಎಷ್ಟು ದೂರ ಮಹಾ, ಹೀಗೇ ಇರಲಿ ಎಂದೆ. ಬೇರೆ ಯಾರು ಕೇಳಿದ್ದರೂ ಇದೇ ಸಲಹೆ ಕೊಡುತ್ತಿದ್ದೆನೋ ಏನೋ — ಇಲ್ಲ, ಸುಳ್ಳು. ಟಾರಿನಲ್ಲಿ ಜೀಪು ಬೆನ್ನು ಹತ್ತಿದರೆ ಆ ಗಾಡಿ ತಪ್ಪಿಸಿಕೊಳ್ಳಲಾರದು. ಏನು ಮಾಡುತ್ತಿದ್ದೇನೆಂದು ನನಗೆ ಗೊತ್ತಿತ್ತು.

ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದಂತೆ ಪರಮೇಶಿ ಬಂದ. ಕಂಟ್ರಾಕ್ಟರನ ಬಲಗೈ, ನನ್ನ ಹಳೆಯ ಗಿರಾಕಿ. ಹೆದರಿಸಲಿಲ್ಲ, ಆಸೆ ತೋರಿಸಲಿಲ್ಲ. ನಿನ್ನ ದೋಸ್ತ್ ಇವತ್ತು ಯಾವ ಕಡೆಯಿಂದ ಬರ್ತಾನೆ ಎಂದು ಮಾಮೂಲಿ ಮಾತಿನಂತೆ ಕೇಳಿದ. ಗೊತ್ತಿಲ್ಲ ಎಂದಿದ್ದರೆ ಹೋಗಿಬಿಡುತ್ತಿದ್ದ. ನಾನು ಹೇಳಿದ್ದು ಅಕ್ಷರಕ್ಕೆ ಅಕ್ಷರ ಇವತ್ತಿಗೂ ನೆನಪಿದೆ.

"ಏರಿ ಮೇಲೆ ಅವನನ್ನ ಮುಟ್ಟಕ್ಕಾಗಲ್ಲ ನಿಮಗೆ. ಮಲವಗೊಪ್ಪದ ಹತ್ರ ಟಾರಿಗೆ ಇಳೀತಾನೆ, ಅಲ್ಲೀವರೆಗೂ ಸುಮ್ನಿರಿ. ಟಾರಲ್ಲಿ ಆ ಗಾಡಿ ಐವತ್ತು ದಾಟಲ್ಲ."

ಪರಮೇಶಿ ತಲೆಯಾಡಿಸಿದ. ಕಣ್ಣು ಗೋಡೆಯ ಮೇಲೆ ಹೋಯಿತು. ಒಂದು ಹಳೇ ಚೈನಿದ್ರೆ ಕೊಡು ಎಂದ. ಯಾಕೆ ಎಂದು ನಾನು ಕೇಳಲಿಲ್ಲ. ಮೊಳೆಯಲ್ಲಿದ್ದ ಸೆಲ್ವನ ಚೈನನ್ನೇ ತೆಗೆದುಕೊಟ್ಟೆ. ಎರಡು ಏಟು ಬೀಳುತ್ತದೆ ಅಷ್ಟೇ ಅಂದುಕೊಂಡಿದ್ದೆ ಎಂದು ಬರೆಯಲು ಕೈ ತುರಿಸುತ್ತಿದೆ. ಕಬ್ಬಿಣದ ಚೈನು ಕೊಟ್ಟವನು ಹಾಗೆ ಬರೆಯಬಾರದು.

ಆಮೇಲೆ ಗ್ಯಾರೇಜಿಗೆ ಬೀಗ ಹಾಕಿ ನಾನೇ ಮಲವಗೊಪ್ಪಕ್ಕೆ ಹೋದೆ. ನೋಡಬೇಕಿತ್ತು ನನಗೆ. ಅವನು ಬೀಳುವುದನ್ನು ಕಣ್ಣಾರೆ ನೋಡಬೇಕಿತ್ತು. ರಸ್ತೆ ಪಕ್ಕದ ಪಂಕ್ಚರ್ ಅಂಗಡಿಯ ಹಿಂದೆ ನಿಂತೆ.

ಸೆಲ್ವ ಏರಿಯಿಂದ ಇಳಿದ. ಬಿಳಿ ಅಂಗಿ, ಕೋರ್ಟಿಗೆಂದು ಇಸ್ತ್ರಿ ಮಾಡಿದ್ದು. ಟಾರಿನ ಮೇಲೆ ಒಂದು ಫರ್ಲಾಂಗು ಬಂದಿದ್ದನೋ ಇಲ್ಲವೋ, ಹಿಂದೆ ಜೀಪು ಹೊರಟಿತು. ಅವನು ಟ್ಯಾಂಕಿನ ಮೇಲೆ ಬಗ್ಗಿದ. ಎಂಜಿನ್ ಕಿರುಚಿತು. ನನ್ನ ಕೈಯಾರೆ ಜೋಡಿಸಿದ ಗಾಡಿ, ಅದರ ಸದ್ದು ನನಗೆ ಗೊತ್ತು. ಇನ್ನು ನನ್ನಿಂದಾಗದು ಎಂದು ಬಾಯಿ ಬಿಟ್ಟು ಅರಚುತ್ತಿತ್ತು. ಜೀಪಿಗೆ ಅವಸರವೇ ಇರಲಿಲ್ಲ. ಪಕ್ಕಕ್ಕೆ ಬಂದು, ಸ್ವಲ್ಪ ಹೊತ್ತು ಜೊತೆಯಲ್ಲೇ ಓಡಿ, ಒಂದೇ ಸಲ ಎಡಕ್ಕೆ ಒತ್ತಿತು.

ಅವನು ಉರುಳಿ ಏಳುವಷ್ಟರಲ್ಲಿ ನಾಲ್ವರು ಇಳಿದಿದ್ದರು. ಮೊದಲ ಏಟು ಬೆನ್ನಿಗೆ, ಬಿಳಿ ಅಂಗಿ ಹರಿದು ಕೆಂಪಾಯಿತು. ಕೈ ಅಡ್ಡ ಹಿಡಿದ. ಚೈನು ಬೆರಳುಗಳಿಗೆ ಸುತ್ತಿಕೊಂಡಿತು, ಪರಮೇಶಿ ಜಗ್ಗಿದ. ಆ ಕೂಗನ್ನು ನಾನು ಬರೆಯಲಾರೆ. ಒಬ್ಬ ತಲೆಕೂದಲು ಹಿಡಿದು ಮುಖವನ್ನು ಟಾರಿಗೆ ಉಜ್ಜಿದ. ಇನ್ನೊಬ್ಬ ಎಡಗಾಲನ್ನು ಎಳೆದು ಮೈಲಿಗಲ್ಲಿನ ಮೇಲಿಟ್ಟ, ಮತ್ತೊಬ್ಬ ಜೀಪಿನ ಜಾಕ್ ರಾಡು ಎತ್ತಿದ. ಮಂಡಿಯ ಮೇಲೆ ಹೊಡೆದ. ಮತ್ತೆ ಅಲ್ಲೇ ಹೊಡೆದ. ಎರಡನೆಯ ಏಟಿಗೆ ಸೆಲ್ವನ ದನಿ ನಿಂತುಹೋಯಿತು. ಬಸ್ಸೊಂದು ನಿಧಾನಿಸಿ, ಒಳಗಿನವರೆಲ್ಲ ಇಣುಕಿ, ಮುಂದೆ ಹೋಯಿತು.

ನನ್ನ ಮನಸ್ಸಿನಲ್ಲಿ ಆಗ ಏನಿತ್ತು? ಮೊದಲ ಏಟಿಗೆ ಖುಷಿಯಾಗಿತ್ತು. ಹೌದು, ಆಗಿತ್ತು. ರಾಡು ಮಂಡಿಗೆ ಬಿದ್ದಾಗ ಆ ಖುಷಿ ಹೋಯಿತು, ಆದರೂ ಅಂಗಡಿಯ ಹಿಂದೆಯೇ ನಿಂತಿದ್ದೆ. ಬಿಡಿಸಲು ಹೋಗಲಿಲ್ಲ. ಜೀಪು ಹೋದ ಮೇಲೆ ಓಡಿದೆ. ಸೆಲ್ವ ಒಂದು ಕಣ್ಣು ಬಿಟ್ಟು ನನ್ನನ್ನು ನೋಡಿ, "ರುದ್ರ, ಬಂದ್ಯಾ" ಎಂದ. ಅಷ್ಟೇ, ನಾನು ಅಲ್ಲಿಗೆ ಹೇಗೆ ಬಂದೆ ಎಂದು ಆಮೇಲೂ ಅವನು ಕೇಳಲಿಲ್ಲ. ಆಟೋ ನಿಲ್ಲಿಸಿ, ಮಡಿಲಲ್ಲಿ ಮಲಗಿಸಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆ. ಅವನ ಹೆಂಡತಿ ಬಂದು ನನ್ನ ಕಾಲು ಹಿಡಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ.

ಮಂಡಿ ಮತ್ತೆ ಮಡಚಲು ಬರಲಿಲ್ಲ. ಎಡಗಾಲು ಆಡದೆ ಗೇರು ಹಾಕುವುದು ಹೇಗೆ — ಗಾಡಿಯ ಆಸೆ ಮುಗಿಯಿತು. ಎಷ್ಟೋ ತಿಂಗಳ ಮೇಲೆ ಕೋರ್ಟು ಮತ್ತೆ ಕರೆದಾಗ ಸೆಲ್ವ ಕೋಲೂರಿಕೊಂಡು ಹೋಗಿ, ನಾನೇನೂ ನೋಡಿಲ್ಲ, ಹಗ್ಗದ ಬಗ್ಗೆ ಯಾರಿಗೂ ಹೇಳಿಲ್ಲ ಎಂದು ಹೇಳಿ ಬಂದ. ತಾನು ಇಳಿಯುವ ಜಾಗವೇ ಗೊತ್ತಿದ್ದವರಿಗೆ ತನ್ನ ಮನೆಮಕ್ಕಳ ದಾರಿ ಗೊತ್ತಿರುವುದಿಲ್ಲವೇ ಎಂದು ಹೆದರಿದ್ದ. ಕಂಟ್ರಾಕ್ಟರ್ ಬಿಡುಗಡೆಯಾದ. ಲಕ್ಷ್ಮಕ್ಕ ಕೋರ್ಟಿನ ಬಾಗಿಲಲ್ಲೇ ಸೆಲ್ವನ ಮುಖಕ್ಕೆ ಉಗಿದಳು, ಮಾರಿಕೊಂಡವನೇ ಎಂದಳು. ಅವನು ಒರೆಸಿಕೊಂಡು ಮನೆಗೆ ಬಂದ. ಪಕ್ಕದಲ್ಲಿ ನಾನಿದ್ದೆ, ಅವನ ತೋಳು ಹಿಡಿದುಕೊಂಡು.

ಆಮೇಲಿನ ವರ್ಷಗಳಲ್ಲಿ ಅವನ ಮನೆಯ ಪ್ರತಿ ಹಬ್ಬಕ್ಕೂ ನನಗೆ ಮೊದಲ ಎಲೆ. ಅವನ ಮಕ್ಕಳು ನನ್ನನ್ನು ಮಾಮ ಎನ್ನುತ್ತಿದ್ದವು. ಇವರಿಲ್ಲದಿದ್ದರೆ ನಾನಿವತ್ತು ಇರ್ತಿರಲಿಲ್ಲ ಎಂದು ಸೆಲ್ವ ಬಂದವರಿಗೆಲ್ಲ ಹೇಳುತ್ತಿದ್ದ. ಆ ಅನ್ನ ತಿಂದೆ. ಅದು ಇಳಿಯಿತು ಕೂಡ. ಮನುಷ್ಯನಿಗೆ ಏನೆಲ್ಲ ಇಳಿಯುತ್ತದೆ!

ಹೋದ ವಾರ ಹೇಳಿಬಿಟ್ಟೆ. ಅವನ ಭದ್ರಾವತಿಯ ಮನೆಯ ಜಗಲಿಯಲ್ಲಿ ಕೂತಿದ್ದೆವು, ಸೆಲ್ವ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ದಾರಿ ಹೇಳಿಕೊಟ್ಟದ್ದು, ಸ್ಪ್ರಾಕೆಟ್ ಬದಲಿಸದೆ ಕಳಿಸಿದ್ದು, ಚೈನು ಕೊಟ್ಟದ್ದು, ನಿಂತು ನೋಡಿದ್ದು, ಎಲ್ಲ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ ಎಂದು ಕಾದೆ. ಅವನು ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟ.

"ನನ್ನ ಕಾಲಿಂದು ಹಾಗಿರ್ಲಿ," ಎಂದ. "ಲಕ್ಷ್ಮಕ್ಕ ಇವತ್ತಿಗೂ ನನ್ನ ಕಂಡ್ರೆ ರಸ್ತೆ ದಾಟ್ತಾಳೆ. ಅವಳ ಮುಂದೆ ಬಂದು ಹೇಳು."

ನಿನ್ನೆ ಹೊಸಮನೆ ಬಡಾವಣೆಯಲ್ಲಿರುವ ಅವಳ ಮನೆಗೆ ಹೋದೆವು. ಲಕ್ಷ್ಮಕ್ಕ ಬಾಗಿಲು ತೆಗೆದು ಸೆಲ್ವನನ್ನು ಕಂಡು ಮುಚ್ಚಲು ಹೋದಳು. ನಾನು ಅಂಗಳದಲ್ಲೇ ನಿಂತು ಹೇಳತೊಡಗಿದೆ. ಅವಳು ಬಾಗಿಲ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು. ನಾನು ಮುಗಿಸಿದ ಮೇಲೆ ಅವಳು ನೋಡಿದ್ದು ಸೆಲ್ವನ ಕಾಲನ್ನು. ಹೊಸ್ತಿಲು ದಾಟಿ ಬಂದು ಅವನ ತೋಳಿಗೆ ಆಸರೆ ಕೊಟ್ಟಳು.

"ಒಳಗ್ ಬಾರಪ್ಪ, ಮೆಟ್ಲು ಎತ್ತರ ಇದೆ," ಎಂದಳು.

ಇಬ್ಬರೂ ಒಳಗೆ ಹೋದರು. ಬಾಗಿಲು ತೆರೆದೇ ಇತ್ತು. ನನ್ನನ್ನು ಯಾರೂ ಕರೆಯಲಿಲ್ಲ. ಅವನು ಹೊರಗೆ ಬರುವವರೆಗೂ ನಾನು ಬಿಸಿಲಿನಲ್ಲಿ ನಿಂತಿದ್ದೆ.