ಎಡಗೈಗೊಂದು ಚಾಕು

ನಮ್ಮತ್ತೆಯ ಎಡಗೈ ಹೆಬ್ಬೆರಳಿನ ತುಂಬ ಸಣ್ಣ ಸಣ್ಣ ಗೀರುಗಳಿದ್ದವು. ರೊಟ್ಟಿ ತಟ್ಟಿದಾಗ ಅಕ್ಕಿಹಿಟ್ಟು ಆ ಗೀರುಗಳಲ್ಲಿ ಕೂತುಬಿಡುತ್ತಿತ್ತು, ಎಷ್ಟು ತೊಳೆದರೂ ಸಂಜೆಯವರೆಗೆ ಬೆಳ್ಳಗೆ ಕಾಣುತ್ತಿತ್ತು. ಗುಬ್ಬಿಯ ಮನೆಯ ಜಗಲಿಯಲ್ಲಿ ಕೂತು, ಚಾಕುವಿನಲ್ಲಿ ಮರ ಹೆರೆದು ಸೌಟು, ಕಡಗೋಲು, ಮುದ್ದೆ ಕೋಲು ಮಾಡುವುದು ಅವರ ಕಸುಬು. ಅದು ಅವರಪ್ಪನಿಂದ ಬಂದದ್ದು. ಬಾಯಿ ಮಾತ್ರ ಯಾರಿಂದ ಬಂದದ್ದೋ ದೇವರೇ ಬಲ್ಲ. ನನ್ನ ಬಾಯೇನೂ ಕಮ್ಮಿಯಿರಲಿಲ್ಲ ಬಿಡಿ. ಅತ್ತೆ ಗುಬ್ಬಿಯಲ್ಲಿ, ಸೊಸೆ ತುಮಕೂರಿನಲ್ಲಿ ಇರುವುದೇ ಕ್ಷೇಮ ಎಂದು ನೆಂಟರೆಲ್ಲ ನಗುತ್ತಿದ್ದರು.

ಅತ್ತೆ ಚಾಕು ಆರಿಸುವುದನ್ನು ನೋಡಬೇಕಿತ್ತು. ಅಂಗಡಿಯಲ್ಲಿ ಫಳಫಳ ಹೊಳೆಯುವ ಚಾಕುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕುಣಿಗಲ್‌ನಲ್ಲಿ ಕುಲುಮೆಯವರೊಬ್ಬರು ಲಾರಿಯ ಸ್ಪ್ರಿಂಗಿನ ಹಳೇ ಉಕ್ಕಿನ ಪಟ್ಟಿ ಕಾಯಿಸಿ ಬಡಿದು ಚಾಕು ಮಾಡುತ್ತಿದ್ದರು, ಅಲ್ಲಿಗೇ ಹೋಗಬೇಕು. ಚೀಲದಲ್ಲಿ ಗಂಟಿರುವ ಒಂದು ಹೊಂಗೆ ಕಡ್ಡಿ ಇರಲೇಬೇಕು. ಅಲಗು ತಮ್ಮ ತೋರುಬೆರಳಿಗಿಂತ ಉದ್ದವಿರಬಾರದು. ಹಿಡಿಯ ಮೇಲೆ ಹೂವು ಬಳ್ಳಿ ಏನೂ ಇರಬಾರದು, ಉಜ್ಜಿ ಉಜ್ಜಿ ಬೊಬ್ಬೆ ಏಳುತ್ತದೆ. ಕಡ್ಡಿಯ ಗಂಟಿನ ಮೇಲೆ ಹೆರೆದು, ಅಲಗಿನ ಬಾಯನ್ನು ಬಿಸಿಲಿಗೆ ಹಿಡಿದು ನೋಡುವರು. ಎಲ್ಲಾದರೂ ಮಿಣುಕಿದರೆ ಬಾಯಿ ಮಡಚಿದೆ ಎಂದು ಅರ್ಥ, ಆ ಚಾಕು ವಾಪಸ್. "ಚೂಪಿದ್ರೆ ಸಾಲ್ದು ಕಣೇ, ಚೂಪು ನಿಲ್ಬೇಕು" ಎನ್ನುತ್ತಿದ್ದರು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾವು ಶಿರಾ ಗೇಟ್ ಹತ್ತಿರ ಬಾಡಿಗೆಗಿದ್ದೆವು. ನಮ್ಮ ಯಜಮಾನರು ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಪ್ರೆಸ್ ಮೆಷಿನ್ ನಡೆಸುತ್ತಿದ್ದರು. ಆ ಹಾಳು ಮೆಷಿನ್ ಇವರ ಬಲಗೈಯ ಮೂರು ಬೆರಳು ತಿಂದುಹಾಕಿತು. ಹೆಬ್ಬೆರಳು, ಕಿರುಬೆರಳು ಉಳಿದವು. ಗಾಯ ಮಾಯುವಷ್ಟರಲ್ಲಿ ಇವರು ಮಾತು ನಿಲ್ಲಿಸಿದರು. ಕೈಗೆ ಟವೆಲ್ ಸುತ್ತಿಕೊಂಡು ಗೋಡೆ ಕಡೆ ತಿರುಗಿ ಮಲಗಿದರೆ ಊಟಕ್ಕೂ ಏಳುತ್ತಿರಲಿಲ್ಲ. ಒಂದು ದಿನ ಸೂರು ನೋಡುತ್ತ, "ಮೆಷಿನ್ನು ನನ್ನ ಪೂರ್ತಿ ಎಳ್ಕೊಂಡ್ಬಿಟ್ಟಿದ್ರೆ ಚೆನ್ನಾಗಿತ್ತು ಕಣೇ" ಅಂದರು.

ನನ್ನ ಜೀವ ಬಾಯಿಗೆ ಬಂತು. ಆ ಗಳಿಗೆಯಲ್ಲೇ ಮನೆಯ ಚಾಕು, ಕತ್ತರಿ, ಬ್ಲೇಡು, ಈಳಿಗೆಮಣೆ ಎಲ್ಲವನ್ನೂ ಗಂಟು ಕಟ್ಟಿ ಪಕ್ಕದ ಮನೆಯವರ ಅಟ್ಟಕ್ಕೆ ಸಾಗಿಸಿದೆ. ಹುರುಳಿಕಾಯಿ ಮುರಿದು ಹಾಕಿದೆ, ಬದನೆಕಾಯಿ ಕೈಯಲ್ಲೇ ಸೀಳಿದೆ, ಈರುಳ್ಳಿಯನ್ನು ಗುಂಡುಕಲ್ಲಿನಲ್ಲಿ ಜಜ್ಜಿದೆ. ಹಾಲು ತರಲು ಹೋದರೂ ಎದ್ದೆನೋ ಬಿದ್ದೆನೋ ಅಂತ ಓಡಿ ಬರುತ್ತಿದ್ದೆ. ದೇವರಾಯನದುರ್ಗದ ಸ್ವಾಮಿಗೆ ಹರಕೆ ಹೊತ್ತೆ. ಇವರು ಗೋಡೆ ಬಿಟ್ಟು ತಿರುಗಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಗುಬ್ಬಿಯಿಂದ ಬಂದರು. ಅಡುಗೆಮನೆಯಲ್ಲಿ ಜಜ್ಜಿದ ಈರುಳ್ಳಿ ಕಂಡು, "ಚಾಕೆಲ್ಲಿ ಕಣೇ?" ಎಂದರು.

"ಇಲ್ಲ ಅತ್ತೆ."

"ಇಲ್ಲ ಅಂದ್ರೆ?"

ಅಳು ತಡೆಯಲಾಗಲಿಲ್ಲ. ಪಿಸುದನಿಯಲ್ಲಿ ಎಲ್ಲ ಹೇಳಿದೆ. ಅತ್ತೆ ಆ ಈರುಳ್ಳಿಯನ್ನೇ ನೋಡುತ್ತ ನಿಂತಿದ್ದವರು, "ನಾಳೆ ಕುಣಿಗಲ್‌ಗೆ ಹೋಗಾನ. ಅವ್ನಿಗೊಂದು ಚಾಕು ತರಾನ" ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮಗೇನ್ ತಲೆ ಕೆಟ್ಟಿದ್ಯಾ ಅತ್ತೆ? ಹೆತ್ತಿರೋದು ನೀವೇ ತಾನೇ?"

"ಹೆತ್ತಿರೋದ್ಕೇ ಹೇಳ್ತಿರೋದು. ಹಿಂಗೆ ಎಲ್ಲಾ ಬಚ್ಚಿಟ್ರೆ, ನೀನು ಬದುಕಕ್ಕೆ ಲಾಯಕ್ಕಿಲ್ಲ ಅಂತ ನಾವೇ ಅವ್ನಿಗೆ ಹೇಳ್ದಂಗೆ."

ಮಾರನೇ ದಿನ, "ನನ್ ಚಾಕು ಸವೆದೈತೆ, ಜೊತೆಗೆ ಬಾರ್ಲಾ" ಎಂದು ಬೈದು ಬೈದು ಇವರನ್ನು ಎಬ್ಬಿಸಿ ಬಸ್ ಹತ್ತಿಸಿದರು. ನಾನು ಬಿಡುತ್ತೇನೆಯೇ, ನಾನೂ ಹತ್ತಿದೆ. ಕುಲುಮೆಯವರು ಗೋಣಿತಾಟಿನ ಮೇಲೆ ಚಾಕುಗಳನ್ನು ಹರಡಿದರು. ಅತ್ತೆ ಹೊಂಗೆ ಕಡ್ಡಿ ತೆಗೆದು ಇವರ ಮಡಿಲಿಗೆ ಹಾಕಿ, "ನನ್ ಕಣ್ಣು ಮಂಜು. ನೀನೇ ಹೆರ್ದು ನೋಡ್ಲಾ" ಎಂದರು.

ಕಡ್ಡಿ ಹಿಡಿಯಲು ಒಂದು ಕೈ, ಚಾಕುವಿಗೆ ಒಂದು ಕೈ ಬೇಕು. ಕೊನೆಗೆ ಇವರು ಟವೆಲ್ ಬಿಚ್ಚಿದರು. ಬಲಗೈಯ ಎರಡು ಬೆರಳಿನಿಂದ ಕಡ್ಡಿಯನ್ನು ತೊಡೆಗೆ ಒತ್ತಿಕೊಂಡು, ಎಡಗೈಯಲ್ಲಿ ಚಾಕು ಹಿಡಿದು ಹೆರೆದರು. ಚಾಕು ಮುಂದಕ್ಕೆ ಹೋಗದೆ ಮರದೊಳಕ್ಕೆ ಕಚ್ಚಿಕೊಂಡಿತು. ಇನ್ನೊಂದು ತೆಗೆದರು, ಅದೂ ಹಾಗೇ. ಚಾಕು ಎಸೆದು, "ನೋಡ್ದಾ ಅವ್ವ? ಇಷ್ಟೇ ನನ್ ಹಣೇಬರ. ಬುಡು" ಅಂದರು.

"ಸಮಾಧಾನ ಆಯ್ತಾ ಅತ್ತೆ? ಇದನ್ನ ತೋರಿಸೋಕೆ ಕರ್ಕೊಂಡ್ ಬಂದ್ರಾ?" ನಾನು ರಸ್ತೆಗೆ ಕೇಳುವಂತೆ ಕೂಗಾಡಿದೆ.

ಅತ್ತೆ ಬಿದ್ದ ಚಾಕು ಎತ್ತಿ ಆ ಕಡೆ ಈ ಕಡೆ ತಿರುಗಿಸಿದರು. ಅವರ ಮುಖ ಕಪ್ಪಿಟ್ಟಿತು. ಅಲ್ಲಿದ್ದ ಅಷ್ಟೂ ಚಾಕುಗಳಿಗೆ ಒಂದೇ ಮಗ್ಗುಲಿಗೆ ಸಾಣೆ ಹಿಡಿದಿದ್ದರು, ಬಲಗೈಯವರಿಗೆಂದು; ಎಡಗೈಯಲ್ಲಿ ಹಿಡಿದರೆ ಮರಕ್ಕೆ ಕಚ್ಚಿಕೊಳ್ಳುವಂಥವು. ಜೀವಮಾನವೆಲ್ಲ ಚಾಕು ಆರಿಸಿದ ಹೆಂಗಸಿಗೆ, ತಮ್ಮದು ಬಲಗೈ ಆದ್ದರಿಂದ, ಅದು ಹೊಳೆದೇ ಇರಲಿಲ್ಲ.

"ತಪ್ಪು ನಂದು ಕಣ್ಲಾ ಮಗ, ನಿಂದಲ್ಲ. ಇವು ನಿನ್ ಕೈಯವಲ್ಲ" ಎಂದರು. ಆಮೇಲೆ ಕುಲುಮೆಯವರ ಕಡೆ ತಿರುಗಿ, "ಎಡಗೈಗೆ ಒಂದು ಮಾಡ್ಕೊಡಣ್ಣ. ಆಗೋಗಂಟ ಇಲ್ಲೇ ಕೂತಿರ್ತೀವಿ" ಎಂದು ನೆಲಕ್ಕೆ ಕೂತೇಬಿಟ್ಟರು.

ಬಿಸಿಲು ಇಳಿಯುವವರೆಗೆ ಕೂತೆವು. ಹೊಸ ಅಲಗಿನ ಪಕ್ಕ ಇವರ ಎಡಗೈ ತೋರುಬೆರಳು ಇಟ್ಟು ಅತ್ತೆ ಅಳತೆ ನೋಡಿದರು. ಇವರು ಹೆರೆದರು. ಗಂಟಿನ ಮೇಲಿಂದ ತೆಳ್ಳನೆ ಸಿಪ್ಪೆ ಸುರುಳಿ ಸುತ್ತಿಕೊಂಡು ಎದ್ದು ಬಂತು. ಇವರು ಮತ್ತೆ ಹೆರೆದರು.

ಮನೆಗೆ ಬಂದ ಮೇಲೆ ಅತ್ತೆ ಆ ಚಾಕುವನ್ನು ಇವರ ಕೈಗೆ ಎಟುಕುವ ಮೊಳೆಗೇ ನೇತುಹಾಕಿ, ತಾವೂ ನಮ್ಮಲ್ಲೇ ಉಳಿದರು. ಇವರ ಮೊದಲ ಸೌಟು ನೋಡಿ, "ಇದೇನ್ಲಾ, ಸೌಟೋ ಕಿವಿ ಗುಗ್ಗೆ ತೆಗೆಯೋ ಕಡ್ಡಿನೋ?" ಎಂದು ಆಡಿಕೊಂಡರು. ಇವರು ನಕ್ಕರು. ಎಲ್ಲ ಸರಿಹೋಯಿತು ಅಂದುಕೊಂಡೆ. ಎಲ್ಲಿಯ ಸರಿ! ಒಂದು ಮಧ್ಯಾಹ್ನ ನೋಡುತ್ತೇನೆ, ಇವರ ಕೈಯಲ್ಲಿ ಚಾಕು ಇದೆ, ಮರವಿಲ್ಲ. ಚಾಕುವನ್ನೇ ದಿಟ್ಟಿಸಿಕೊಂಡು ಕೂತಿದ್ದಾರೆ. ಅತ್ತೆ ಅವಸರವಿಲ್ಲದೆ ಎದ್ದು ಹೋಗಿ, ಒಂದು ತುಂಡು ಇವರ ಮಡಿಲಿಗೆ ಇಟ್ಟು, "ಮರ ಮುಗೀತಾ? ತಗಾ. ಕಡಗೋಲು ಮಾಡು" ಎಂದು ಪಕ್ಕದಲ್ಲೇ ಕೂತರು. ಇವರು ತುಂಡನ್ನು ತಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೆರೆಯುವ ಸದ್ದು ಶುರುವಾಯಿತು.

ಕೆಲವು ವರ್ಷಗಳ ಮೇಲೆ, ಗುಬ್ಬಿಗೆ ಮರಳಿದ್ದ ಅತ್ತೆ ಅಲ್ಲೇ ಹಾಸಿಗೆ ಹಿಡಿದರು. ಗಂಜಿ ಕುಡಿಸುತ್ತ ಕೇಳಿದೆ, "ಅವತ್ತು ನಿಮಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಅತ್ತೆ?"

"ಯಾವ ಧೈರ್ಯ ಕಣೇ? ಅವ್ನು ಚಾಕು ಮುಟ್ದಾಗೆಲ್ಲ ನನ್ ಕೈಕಾಲು ತಣ್ಣಗಾಗೋವು. ನಿನ್ ಭಯ ಅವ್ನಿಗೆ ಕಾಣ್ತಿತ್ತು. ನಂದೂ ಕಂಡ್ಬುಟ್ಟಿದ್ರೆ ಅವ್ನು ಉಳೀತಿರ್ಲಿಲ್ಲ."

ಆ ವಾರವೇ ಹೋಗಿಬಿಟ್ಟರು. ಇವರು ಇದ್ದಾರೆ, ಹಿತ್ತಲಲ್ಲಿ ಮರ ಹೆರೆಯುತ್ತ. ಹೆರೆಯುವ ಸದ್ದು ನಿಂತರೆ ನನಗೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಅಡುಗೆಮನೆಯಲ್ಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತು, ಮುಖ ಸರಿಮಾಡಿಕೊಂಡು, ಆಮೇಲೆ ಹೊರಗೆ ಹೋಗುತ್ತೇನೆ.