ಮಗ್ಗದ ಸದ್ದಿನೊಳಗಿನ ಸೈಕಲ್ಲು

ಹೋದ ವಾರ ನನ್ನ ಹಳೆಯ ಸ್ಕೂಟಿ ಮುಂಡರಗಿ ರಸ್ತೆಯಲ್ಲಿ ಪಂಕ್ಚರ್ ಆಯಿತು. ಬೇವಿನ ಗಿಡದ ಕೆಳಗಿನ ಪಂಕ್ಚರ್ ಅಂಗಡಿಯವನು ಟ್ಯೂಬು ಹೊರಗೆಳೆದು, ಉಜ್ಜಿ, ಸೊಲ್ಯೂಷನ್ ಹಚ್ಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ನೆಗೆಣ್ಣಿ ಕಣ್ಣೆದುರಿಗೆ ಬಂದಳು. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಬಿಸಿಲು ಹತ್ತಿತೆಂದು ತಿಳಿದು ಅವನು ಕುಡಿಯಲು ನೀರು ಕೊಟ್ಟ.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಬೆಟಗೇರಿಯ ನಮ್ಮ ನೇಕಾರರ ಮನೆಗೆ ನಾನು ಹಿರಿಯ ಸೊಸೆ, ಅವಳು ಕಿರಿಯವಳು. ಶಿರಹಟ್ಟಿ ಕಡೆಯ ಹುಡುಗಿ. ಗದಗಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಸೈಕಲ್ ಕಲಿತವಳು, ರಾಜ್ಯಮಟ್ಟದ ರೋಡ್ ರೇಸಿನಲ್ಲಿ ಪದಕ ತಂದವಳು. ನಿಶ್ಚಿತಾರ್ಥದ ದಿನ ನಮ್ಮ ಮಾವನವರು ನಾಲ್ಕು ಮಂದಿಯ ಎದುರು ಎದೆಯುಬ್ಬಿಸಿ, ಸೊಸೆ ಸೈಕಲ್ ಸಮೇತ ಬರಲಿ ಎಂದರು. ಆಕೆ ಹಾಗೆಯೇ ಬಂದಳು. ಅತ್ತೆ ಆ ಸೈಕಲ್ಲನ್ನು ಅಟ್ಟದ ಕೋಣೆಗೆ ಒಯ್ಯಿಸಿ, ಗೋಡೆಗೆ ದಪ್ಪ ಮೊಳೆ ಹೊಡೆಸಿ ತೂಗುಹಾಕಿಸಿದರು. ಕೆಳಗಿದ್ದರೆ ಯಾರಾದರೂ ಮುಟ್ಟಿ ಕೆಡಿಸುತ್ತಾರೆ ಎನ್ನುವುದು ಅವರ ಕಾಳಜಿ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ಮಗ್ಗಕ್ಕೆ ಏರಿಸಿದಷ್ಟೇ ದೊಡ್ಡ ಚೆಂಡುಹೂವಿನ ಮಾಲೆ ಅದಕ್ಕೂ ಏರಿಸುತ್ತಿದ್ದರು. ಬಂದ ಬೀಗರನ್ನೆಲ್ಲ ಅಟ್ಟ ಹತ್ತಿಸಿ ತೋರಿಸುತ್ತಿದ್ದರು. ಇಳಿಸಿ ಹೊರಗೆ ತೆಗೆದುಕೊಂಡು ಹೋಗು ಎಂದು ಮಾತ್ರ ಯಾರೂ ಅನ್ನಲಿಲ್ಲ.

ಬೇಡ ಎಂದೂ ಅನ್ನಲಿಲ್ಲ, ಅದೇ ಪೇಚು. ಅವಳು ಗಂಡನನ್ನು ಕೇಳಿದರೆ, ಅಪ್ಪ ಹೂಂ ಅಂದರೆ ತನ್ನದೇನೂ ಅಡ್ಡಿಯಿಲ್ಲ ಎನ್ನುತ್ತಿದ್ದ. ಮಾವನವರು ಅತ್ತೆಯ ಕಡೆ ನೋಡುತ್ತಿದ್ದರು. ಅತ್ತೆ ಅವಳ ತಲೆ ಸವರಿ, ಶ್ರಾವಣ ಒಂದು ಕಳೆಯಲಿ ಎನ್ನುತ್ತಿದ್ದರು. ಶ್ರಾವಣ ಕಳೆದರೆ ದೀಪಾವಳಿ, ದೀಪಾವಳಿ ಕಳೆದರೆ ಯಾರದೋ ಮದುವೆ, ಆಮೇಲೆ ಒಂದು ಕೂಸು ಆಗಲಿ... ಎಲ್ಲರೂ ಒಳ್ಳೆಯವರೇ. ಒಬ್ಬರಾದರೂ ಕೆಟ್ಟವರಿದ್ದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ.

ಎರಡನೆಯ ವರ್ಷ ಅವಳ ಅಣ್ಣ ಒಂದು ರೋಲರ್ ತಂದುಕೊಟ್ಟ. ಕಬ್ಬಿಣದ ಚೌಕಟ್ಟಿನಲ್ಲಿ ಉರುಳುವ ಮೂರು ಕೊಳವೆಗಳು. ಅವುಗಳ ಮೇಲೆ ಸೈಕಲ್ ಇಟ್ಟು ತುಳಿದರೆ ಚಕ್ರ ತಿರುಗುತ್ತದೆ, ಸೈಕಲ್ ಇದ್ದಲ್ಲೇ ಇರುತ್ತದೆ. ಆದರೆ ಅದರ ಸದ್ದೋ, ಹಿಟ್ಟಿನ ಗಿರಣಿಯದೇ! ಮಧ್ಯಾಹ್ನ ಅತ್ತೆ ಮಲಗುವ ಹೊತ್ತು. ಹಾಗಾಗಿ ಅವಳೊಂದು ದಾರಿ ಹುಡುಕಿದಳು. ಕೆಳಗಿನ ಕೋಣೆಯಲ್ಲಿ ಮಾವನವರ ಪವರ್‌ಲೂಮ್ ಇತ್ತು. ಅದರ ಖಟಪಟಕ್ಕೆ ಅತ್ತೆಯ ಕಿವಿ ಒಗ್ಗಿಹೋಗಿತ್ತು. ಮಗ್ಗ ಶುರುವಾದ ಕೂಡಲೇ ಇವಳು ಅಟ್ಟ ಹತ್ತಿ, ಟೇಬಲ್ ಫ್ಯಾನನ್ನು ಎದುರಿಗಿಟ್ಟುಕೊಂಡು ತುಳಿಯುತ್ತಿದ್ದಳು. ಗಾಳಿ ಮುಖಕ್ಕೆ ಬಡಿಯದಿದ್ದರೆ ಸೈಕಲ್ ಹೊಡೆದಂತೆಯೇ ಅಲ್ಲ ಎನ್ನುತ್ತಿದ್ದಳು. ನಮ್ಮ ಊರಿನ ಕರೆಂಟು ಗೊತ್ತೇ ಇದೆಯಲ್ಲ, ಹೋದರೆ ಹೋಯಿತು. ಮಗ್ಗ ನಿಲ್ಲುತ್ತಿತ್ತು, ಫ್ಯಾನು ನಿಲ್ಲುತ್ತಿತ್ತು, ಅವಳೂ ಅದೇ ಕ್ಷಣ ಕಾಲು ನಿಲ್ಲಿಸಬೇಕಾಗುತ್ತಿತ್ತು. ಕಾಲು ನಿಂತರೆ ಹಿಂದಿನ ಚಕ್ರ ಟಕಟಕ ಎನ್ನುತ್ತದೆ. ಅದಕ್ಕೆ ಅವಳು ಆ ಫ್ರೀವೀಲಿನೊಳಗೆ ಗಟ್ಟಿ ಗ್ರೀಸು ತುಂಬಿ ಅದರ ಬಾಯಿ ಕಟ್ಟಿದ್ದಳು.

ಸಂಜೆ ನಾನು ರೊಟ್ಟಿ ಬಡಿಯುವ ಹೊತ್ತಿಗೆ ಸರಿಯಾಗಿ ಫ್ರಾನ್ಸಿನಲ್ಲಿ ಸೈಕಲ್ ರೇಸಿನವರು ಗುಡ್ಡ ಹತ್ತುತ್ತಿರುತ್ತಿದ್ದರು. ಜೋಳದ ಹಿಟ್ಟಿನ ಡಬ್ಬಿಗೆ ಮೊಬೈಲ್ ಆನಿಸಿಟ್ಟು ಇಬ್ಬರೂ ಮೂರು ವಾರದ ಆ ರೇಸು ನೋಡುತ್ತಿದ್ದೆವು. ಮೊದಮೊದಲು ನನಗೆ ಅದು ಬಣ್ಣಬಣ್ಣದ ಇರುವೆ ಸಾಲು. ಆಮೇಲೆ ರುಚಿ ಹತ್ತಿತು. ಒಂದು ದಿನ ಒಬ್ಬ ಹಿಂದೆ ಬಿದ್ದು, ತನ್ನ ತಂಡದ ಕಾರಿನಿಂದ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುಂಬಿಕೊಂಡು ಮತ್ತೆ ಮುಂದೆ ಓಡಿದ. ಇವನಿಗೇನು ಬಂತು ಎಂದು ಕೇಳಿದೆ.

"ಅಂವ ಗೆಲ್ಲಾಕ ಬಂದಾವಲ್ಲ ಅಕ್ಕಾ. ಗೆಲ್ಲಾವಗ ನೀರು ಕೊಡಾಕ, ಅವನ ಮುಂದ ಹೋಗಿ ಗಾಳಿ ತಡ್ಯಾಕ ಬಂದಾನ."

"ಹಂಗಾರ ನಮ್ಮಂಗ ಸೊಸಿ ಅನ್ನು," ಎಂದೆ. ಅವಳು ನಕ್ಕ ನಗುವಿಗೆ ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಟೈರಿನ ಹುಚ್ಚು ಬೇರೆ. ತೆಳು ಟೈರು ಜೋರು ಹೋಗುತ್ತದೆ ಎನ್ನುವುದು ಹಳೇ ನಂಬಿಕೆಯಂತೆ. ಈಗ ದೊಡ್ಡ ರೇಸಿನವರೂ ಅಗಲ ಟೈರು ಹಾಕಿ, ಗಾಳಿ ಕಡಿಮೆ ತುಂಬುತ್ತಾರಂತೆ. ರಸ್ತೆಯ ಕುಲುಕು ಮೈಗೆ ಹತ್ತದೆ ಓಟವೂ ಉಳಿಯುತ್ತದಂತೆ. ನಮ್ಮ ಲಕ್ಷ್ಮೇಶ್ವರ ರಸ್ತೆಯ ಕಡಿಗಲ್ಲಿಗೆ ಅದೇ ಸರಿ ಎಂದು ವಾರಗಟ್ಟಲೆ ನೋಡಿ, ತೂಗಿ, ಕಡೆಗೂ ಅಗಲದ್ದನ್ನೇ ತರಿಸಿದಳು. ರೋಲರ್ ಮೇಲೆ ಉರುಳುವುದಕ್ಕೆ ಕಡಿ ರಸ್ತೆಯ ಟೈರು! ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಾನು ಚೇಷ್ಟೆ ಮಾಡಿದೆ. ಅವಳು ನಗಲಿಲ್ಲ. ಸೀಟಿನ ಕೆಳಗಿನ ಚೀಲದಲ್ಲಿ ಪಂಕ್ಚರ್ ಸಾಮಾನು ಜೋಡಿಸುತ್ತಾ ಕೂತಳು. ಸೊಲ್ಯೂಷನ್ನಿನ ಬಿರಡೆ ತೆಗೆದು ನನಗೂ ಮೂಸಿಸಿದಳು. ರಸ್ತೆಯ ವಾಸನೆ ಇದು ಎಂದಳು...

ಒಂದು ಮಧ್ಯಾಹ್ನ ಮಾವನವರಿಗೆ ಚಹಾ ಒಯ್ದೆ. ಮಗ್ಗ ಎಂದಿನಂತೆ ಬಡಿದುಕೊಳ್ಳುತ್ತಿತ್ತು. ನೋಡಿದರೆ ಅದರ ಮೇಲೆ ಹಾಸು ಇರಲಿಲ್ಲ, ಒಂದೆಳೆ ನೂಲೂ ಇರಲಿಲ್ಲ. ಲಾಳಿಯನ್ನು ತೆಗೆದು ಕಿಟಕಿಯಲ್ಲಿಟ್ಟಿದ್ದರು. ಖಾಲಿ ಮಗ್ಗದ ಮುಂದೆ ಸ್ಟೂಲು ಹಾಕಿಕೊಂಡು, ತಲೆ ಎತ್ತಿ ಅಟ್ಟದ ಕಡೆ ಕಿವಿಗೊಟ್ಟು ಕೂತಿದ್ದರು. ನೇಯ್ಗೆಯ ವ್ಯಾಪಾರ ನಿಂತು ಆಗಲೇ ಎಷ್ಟೋ ದಿನವಾಗಿತ್ತೆಂದು ಆಮೇಲೆ ತಿಳಿಯಿತು.

"ಆಕಿಗೆ ಹೇಳಬ್ಯಾಡವಾ," ಎಂದರು.

ಕಪ್ಪು ಅಲ್ಲೇ ಇಟ್ಟು ಬಂದೆ. ಅಡುಗೆಮನೆಯಲ್ಲಿ ನಿಂತು ಕಣ್ಣೀರು ಹಾಕಿದೆ. ಇಷ್ಟು ಮಾಡುವ ಮನುಷ್ಯನಿಗೆ ಹೋಗು ಎಂದು ಒಂದು ಮಾತು ಆಡಲು ಏನು ಧಾಡಿ ಎಂದು ಸಿಟ್ಟೂ ಬಂತು.

ಕೊನೆಗೆ ಮಗ್ಗ ಮಾರಿದರು. ಇಡೀ ಮನೆ ಬಿಕೋ ಎಂದಿತು. ಸೂಜಿ ಬಿದ್ದರೂ ಅತ್ತೆಗೆ ಎಚ್ಚರವಾಗುತ್ತಿತ್ತು. ಸೈಕಲ್ ಮತ್ತೆ ಮೊಳೆಗೆ ಏರಿತು. ಅವಳ ಮುಖ ದಿನೇದಿನೇ ಬಾಡಿತು, ಊಟ ಇಳಿಯಿತು. ಬೇಸಿಗೆ ಮುಗಿಯುತ್ತಿರುವಾಗ ಒಂದು ದಿನ ಉಣ್ಣಲು ಕೂತ ಮಾವನವರ ಎದುರಿಗೇ ಹೋಗಿ ನಿಂತಳು. ನನ್ನ ಕೈಯಲ್ಲಿ ಸಾರಿನ ಸೌಟು ಹಾಗೇ ಉಳಿಯಿತು.

"ಮಾವಾರ, ನಾ ರೋಡಿಗೆ ಹೋಗ್ಲ್ಯಾ?"

ಅವರು ತುತ್ತು ಕೆಳಗಿಟ್ಟರು. "ನಾ ಎಂದ ಬ್ಯಾಡ ಅಂದೀನವಾ?" ಎಂದರು.

ಅಷ್ಟು ವರ್ಷ ಅಟ್ಟದಲ್ಲಿ ಕದ್ದು ತುಳಿದದ್ದೆಲ್ಲ ಅವಳ ಮುಖದ ಮೇಲೆ ಹಾದುಹೋಯಿತು. ಆದರೂ ಮರುದಿನ ನಸುಕಿನಲ್ಲಿ ಹೊರಟಳು. ಅತ್ತೆಯೇ ಕೈಗೆ ಮೊಸರು ಸಕ್ಕರೆ ಹಾಕಿದರು.

ಹೊತ್ತೇರಿದ ಮೇಲೆ ಸೈಕಲ್ ತಳ್ಳಿಕೊಂಡು ನಡೆದು ಬಂದಳು. ಮಲ್ಲಸಮುದ್ರ ದಾಟುತ್ತಲೇ ಜಾಲಿ ಮುಳ್ಳು ಚುಚ್ಚಿತ್ತು. ಚೀಲ ತೆಗೆದರೆ ಸೊಲ್ಯೂಷನ್ ಟ್ಯೂಬಿನಲ್ಲೇ ಒಣಗಿ ಗಟ್ಟಿಯಾಗಿತ್ತು. ಅವಳಿಗೆ ಬೇಜಾರಿಲ್ಲ! ಅಂಗೈಯಲ್ಲಿ ಮುಳ್ಳನ್ನು ಇಟ್ಟುಕೊಂಡು ಬಂದಿದ್ದಳು. ಅಕ್ಕಾ, ಗಾಳಿ ಎಂಥಾದ್ದಿತ್ತು ಗೊತ್ತೇನು ಎಂದು ನನ್ನ ಹಿಂದೆ ಹಿಂದೆ ತಿರುಗಿದಳು. ಆ ದಿನ ನಮ್ಮ ಮನೆಯಲ್ಲಿ ಅವಳಷ್ಟು ಚೆಂದ ಯಾರೂ ಇರಲಿಲ್ಲ.

ಆದರೆ ಓಣಿ ನೋಡಿತ್ತು. ಆ ಮನೆಯ ಸೊಸೆ ಗಂಡು ಚಡ್ಡಿ ಹಾಕಿಕೊಂಡು ಸೈಕಲ್ ತಳ್ಳುತ್ತಾ ಬಂದಳು ಎಂದು ಸಂಜೆಯೊಳಗೆ ಅತ್ತೆಯ ಕಿವಿಗೆ ಬಿತ್ತು. ಅತ್ತೆ ಬೈಯಲಿಲ್ಲ. ಅವಳ ತಲೆಗೆ ಎಣ್ಣೆ ಹಚ್ಚುತ್ತಾ, "ಮಳಿಗಾಲ ಒಂದು ಕಳೀಲಿ ತಂಗಿ," ಎಂದರು. ನನ್ನ ನೆಗೆಣ್ಣಿ ಕಣ್ಣು ಮುಚ್ಚಿ ಹೂಂ ಅಂದಳು.

ಭಾದ್ರಪದದಲ್ಲಿ ಅವಳಿಗೆ ಕಾಮಾಲೆ ಬಂತು. ನಾಟಿ ಔಷಧ ಆಯಿತು, ದವಾಖಾನೆ ಆಯಿತು, ಹುಬ್ಬಳ್ಳಿಯ ದೊಡ್ಡಾಸ್ಪತ್ರೆ ಆಯಿತು... ಮಳೆಗಾಲ ಕಳೆಯಿತು, ಅವಳು ಉಳಿಯಲಿಲ್ಲ.

ಹೋದ ವಾರ ಆ ಪಂಕ್ಚರ್ ಹಾಕಿಸಿಕೊಂಡು ಮನೆಗೆ ಬಂದೆ. ಬರುವಾಗ ಅಂಗಡಿಯವನಿಂದ ಒಂದು ಹೊಸ ಸೊಲ್ಯೂಷನ್ ಕೊಂಡು ತಂದಿದ್ದೆ, ಯಾಕೆಂದು ನನಗೇ ಗೊತ್ತಿಲ್ಲ. ಮಾವನವರಿಗೆ ಈಗ ಕಣ್ಣು ಮಂಜು. ಮಗ್ಗವಿದ್ದ ಖಾಲಿ ಕೋಣೆಯಲ್ಲೇ ಮಧ್ಯಾಹ್ನ ಕಳೆಯುತ್ತಾರೆ. ನನ್ನ ಕೈಯ ವಾಸನೆ ಹಿಡಿದು, ಏನವಾ ಅದು ಎಂದರು. ಟ್ಯೂಬನ್ನು ಅವರ ಅಂಗೈಯಲ್ಲಿಟ್ಟೆ. ಅದನ್ನು ತಿರುವಿ ತಿರುವಿ ಸವರಿದರು.

"ಮಗ್ಗ ಮಾರಬಾರದಾಗಿತ್ತವಾ," ಎಂದರು.

ಇಷ್ಟಾದರೂ ಅವರಿಗೆ ತಿಳಿದದ್ದು ಅಷ್ಟೇ. ಮಗ್ಗ ಅಲ್ಲರೀ ಮಾವಾರ, ಹೋಗು ಅನ್ನಬೇಕಿತ್ತು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ರೂಢಿಯಂತೆ ತಲೆ ಎತ್ತಿ, ಅಟ್ಟದ ಕಡೆ ಕಿವಿಗೊಟ್ಟು ಕೂತರು. ನಾನೂ ಆಲಿಸಿದೆ. ಮೇಲೆ ಯಾವ ಸದ್ದೂ ಇರಲಿಲ್ಲ.