ನೀರು ಬಿಡುವ ಮುನಿಶಾಮಪ್ಪ
ಎಪ್ಪತ್ತರ ದಶಕದ ಚಾಮರಾಜಪೇಟೆಯಲ್ಲಿ ಬೆಳಗಾಗಬೇಕಾದರೆ ಸೂರ್ಯ ಹುಟ್ಟಿದರೆ ಸಾಲದು, ಮುನಿಶಾಮಪ್ಪ ಬಂದು ನೀರು ಬಿಡಬೇಕು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಆಳುದ್ದದ ಕಬ್ಬಿಣದ ಕೀಲಿ. ಚಪ್ಪಲಿ ಕಳಚಿಟ್ಟು, ರಸ್ತೆಯ ಗುಂಡಿಯಲ್ಲಿದ್ದ ವಾಲ್ವಿಗೆ ಆ ಕೀಲಿ ಇಳಿಸಿ, "ತಾಯೀ ಗಂಗಮ್ಮ, ಕೊನೇ ಮನೆವರ್ಗೂ ಹೋಗವ್ವ" ಎಂದು ಕೈಮುಗಿದೇ ತಿರುಗಿಸುತ್ತಿದ್ದರು. ಜ್ವರ ಬಂದರೂ ರಜೆಯಿಲ್ಲ; ಮಗನ ಮದುವೆಯ ದಿನವೂ ನೀರು ಬಿಟ್ಟೇ ಧಾರೆಗೆ ಬಂದವರು. ಪೈಪಿಗೆ ಕಿವಿಯಿಟ್ಟರೆ ಯಾರ ಮನೆಯ ನಲ್ಲಿ ಸೋರುತ್ತಿದೆಯೆಂದು ಹೇಳಬಲ್ಲರು ಎಂದು ಜನ ನಂಬಿದ್ದರು. ಸೊಸೆ ಹನುಮಕ್ಕನಿಗೆ ಮಾತ್ರ ಒಂದೇ ಕುತೂಹಲ: ಊರಿಗೆಲ್ಲ ನೀರು ಕೊಡುವ ಮಾವ, ತಾವು ಕುಡಿಯಲು ಮನೆಯಿಂದ ಬಾಟಲಿ ಹೊತ್ತುಕೊಂಡು ಹೋಗುವುದೇಕೆ? "ಯಾಕ್ ಮಾವ, ಆ ಮನೆಗಳಲ್ಲಿ ಕೇಳಿದ್ರೆ ಒಂದ್ ಲೋಟ ನೀರು ಕೊಡಲ್ವಾ?" ಎಂದು ಒಂದು ದಿನ ಕೇಳಿಯೇಬಿಟ್ಟಳು. "ಕೊಡ್ತಾರೆ ಕಣವ್ವ. ನಮ್ ಜಾತಿ ಗೊತ್ತಲ್ಲ, ಲೋಟ ಮುಟ್ಟಿಸಲ್ಲ, ಎತ್ತರದಿಂದ ಬೊಗಸೆಗೆ ಹುಯ್ತಾರೆ" ಎಂದು ಮುನಿಶಾಮಪ್ಪ ಬಾಟಲಿಯ ಬಿರಡೆ ಬಿಗಿಮಾಡಿದರು. "ಕೈ ಮುಗ್ದು ಕಳಿಸ್ದ ತಾಯಿನ ಅಷ್ಟೆತ್ತರದಿಂದ ಬೀಳ್ಸೋದ್ನ ನಾನ್ ಹೆಂಗವ್ವ ನೋಡ್ಲಿ?"